ಜ್ವರದ ವರ್ಷದ ಲಾಭ

ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ಭಾನುವಾರ ಸಂಜೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಗಲ್ಲಿಗೆಲ್ಲ ಚಿಕ್ಕಮ್ಮನಂತಿದ್ದ ಮಾವಶಿ ಊಟಕ್ಕೆ ಕೂತರೋ ಇನ್ನೂ ಇಲ್ಲವೋ ಎಂದು ಕೇಳುತ್ತಿದ್ದೆವು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳೂ ಹಾಕುತ್ತಿರಲಿಲ್ಲ. ಬಿಸಿಲು ಎದುರು ಮನೆಯ ಹಂಚಿನ ಮೇಲೇರುತ್ತಿದ್ದ ಹಾಗೆ ಒಳಗೆ ತಾಟು ಇಟ್ಟ ಸಪ್ಪಳ ಕೇಳಿಸುತ್ತಿತ್ತು. ಅಲ್ಲಿಗೆ ಆ ವಾರದ ಭಿಶಿ, ಅಂದರೆ ನಮ್ಮ ಚೀಟಿಯ ಹಣ ಕೂಡಿಸುವುದು, ಮುಗಿದಂತೆ. ಆಮೇಲೆ ಎಂಟಾಣೆ ಹಿಡಿದು ಓಡಿಬಂದವಳು ಹಾಗೇ ತಿರುಗಿ ಹೋಗಬೇಕು, ಮುಂದಿನ ವಾರ ಒಂದಾಣೆ ದಂಡ ಸೇರಿಸಿ ತರಬೇಕು.

ಆ ಮಾವಶಿ ಹೋದ ತಿಂಗಳು ತೀರಿಕೊಂಡರು. ನನ್ನ ಗಂಡ ನೂಲಿನ ವ್ಯವಹಾರಕ್ಕೆಂದು ಇಚಲಕರಂಜಿಗೆ ಹೋದವರು ಸುದ್ದಿ ತಂದರು. ನಾನು ಇಲ್ಲಿ ಗಡಹಿಂಗ್ಲಜದ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಮೊರ ಕೆಳಗಿಟ್ಟೆ, ಅಷ್ಟೇ. ಅಳು ಬರಲಿಲ್ಲ. ಅಳುವ ಹಕ್ಕು ನನಗಿದೆಯೋ ಇಲ್ಲವೋ ಎಂಬುದೇ ಇನ್ನೂ ಗೊತ್ತಾಗಿಲ್ಲ.

ನಾನು ಮದುವೆಯಾಗಿ ಆ ಗಲ್ಲಿಗೆ ಬಂದಾಗ ಸುತ್ತಲೂ ಮಗ್ಗದ ಖಟಾಖಟಿ. ಮಾತಾಡಬೇಕೆಂದರೆ ಕೂಗಬೇಕು. ಮನೆ ಮನೆಯಲ್ಲೂ ಹೆಂಗಸರು ಕಂಡಿಕೆ ಸುತ್ತುವವರು. ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸುರುಳಿ ಅದು. ಶನಿವಾರ ಪಗಾರ, ಭಾನುವಾರ ಮಾವಶಿಯ ಭಿಶಿ. ಮೂವತ್ತಮೂರು ಹೆಂಗಸರು ವಾರಕ್ಕೆ ಎಂಟಾಣೆಯಂತೆ ಹಾಕಬೇಕು. ಕೂಡಿದ ಹಣದಿಂದ ಬೇಕಾದವರಿಗೆ ಸಾಲ. ರೂಪಾಯಿಗೆ ತಿಂಗಳಿಗೆ ಅರ್ಧ ಆಣೆ ಬಡ್ಡಿ, ತಿಂಗಳು ತಪ್ಪಿದರೆ ಒಂದಾಣೆ. ದೀಪಾವಳಿಗೆ ಪೆಟ್ಟಿಗೆ ಒಡೆದು, ಹಾಕಿದ್ದನ್ನೂ ಬಡ್ಡಿ-ದಂಡದಿಂದ ಬಂದ ಲಾಭವನ್ನೂ ಸಮನಾಗಿ ಹಂಚುವುದು. ಇಪ್ಪತ್ತಾರು ರೂಪಾಯಿ ಹಾಕಿದವಳಿಗೆ ಇಪ್ಪತ್ತೆಂಟು ಬರುತ್ತಿತ್ತು. ಬ್ಯಾಂಕಿನ ಬಾಗಿಲು ಕಂಡಿರದ ಹೆಂಗಸರಿಗೆ ಅದೇ ದೊಡ್ಡ ಗಂಟು.

ಮಾವಶಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಲೆಕ್ಕವೆಲ್ಲ ನೂಲಿನಲ್ಲಿ. ಪಡಸಾಲೆಯ ಗೋಡೆಗೆ ಒಂದು ಗೂಟ, ಅದಕ್ಕೆ ಮೂವತ್ತಮೂರು ಎಳೆಗಳು, ಒಬ್ಬೊಬ್ಬಳಿಗೆ ಒಂದೊಂದು. ಎಂಟಾಣೆ ಕೈಗೆ ಬಿದ್ದ ಕೂಡಲೇ ಎಡಗೈಯ ಎರಡೇ ಬೆರಳಲ್ಲಿ ಒಂದು ಗಂಟು ಹಾಕುತ್ತಿದ್ದರು. ತಪ್ಪಿದ ವಾರಕ್ಕೆ ಕೆಂಪು ನೂಲಿನ ತುಣುಕು ಸೇರಿಸಿ ಗಂಟು. ನಾಲ್ಕು ವಾರ ಒಂದರ ಹಿಂದೊಂದು ತಪ್ಪಿದರೆ ಎಳೆ ಕತ್ತರಿಸುವುದು. ಎಳೆ ಕತ್ತರಿಸಿಕೊಂಡವಳಿಗೆ ಸಾಲವಿಲ್ಲ, ಲಾಭವಿಲ್ಲ, ದೀಪಾವಳಿಗೆ ಹಾಕಿದ್ದರಲ್ಲಿ ಅರ್ಧ ಮಾತ್ರ. ಸಾಲದ ಲೆಕ್ಕವೊಂದು ನೂಲಿಗೆ ಒಗ್ಗುತ್ತಿರಲಿಲ್ಲ. ನಾನು ಏಳನೇ ಇಯತ್ತೆ ಕಲಿತವಳೆಂದು ಗೊತ್ತಾದ ವಾರವೇ ಮಾವಶಿ ಒಂದು ಲೆಕ್ಕದ ವಹಿ ತಂದು ನನ್ನ ಮಡಿಲಿಗೆ ಹಾಕಿದರು. ಅಂದಿನಿಂದ ಭಾನುವಾರ ಸಂಜೆ ಅವರ ಕಟ್ಟೆಯ ಮೇಲೆ ನನ್ನ ಠಿಕಾಣಿ. ಆ ವಹಿಯಿಂದಾಗಿ ಗಲ್ಲಿಯಲ್ಲಿ ನನಗೆ ಸ್ವಲ್ಪ ಗತ್ತೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮಾವಶಿ ಆಳು ಗಿಡ್ಡ. ಬಿಳಿ ಸೀರೆ, ಬೋಳು ಕೈ. ನೀರು ಸೋಸುವ ಬಟ್ಟೆಯ ತುಂಡು ಯಾವಾಗಲೂ ಸೊಂಟದಲ್ಲಿ. ಗಂಡ ಹೋದ ಮೇಲೆ ಮೈದುನರ ಕೊರೋಚಿಯ ಹೊಲದಿಂದ ವರ್ಷಕ್ಕೆ ಎರಡು ಚೀಲ ಜೋಳ ಬರುತ್ತಿತ್ತು. ಉಳಿದದ್ದಕ್ಕೆ ಅವರೂ ಕಂಡಿಕೆ ಸುತ್ತುತ್ತಿದ್ದರು. ಮಾತು ನಮ್ಮ ಹಾಗೆಯೇ, ಅರ್ಧ ಕನ್ನಡ, ಅರ್ಧ ಮರಾಠಿ. ಒಬ್ಬಳು ತಡವಾಗಿ ಬಂದು ಅತ್ತರೂ ಕರೆದರೂ ದಂಡ ಬಿಟ್ಟವರಲ್ಲ. ಸ್ವಂತ ತಂಗಿಗೇ ಎರಡು ಸಲ ದಂಡ ಹಾಕಿದ್ದರು.

“ರೊಕ್ಕಕ್ಕ ಮಾರಿ ಇರಬಾರದು ತಂಗಿ,” ಅನ್ನುತ್ತಿದ್ದರು. “ಯಾರದು ಅಂತ ನೋಡಾಕ ಹತ್ತಿದ್ರ ಭಿಶಿ ಮುರದಂಗ.”

ಐವತ್ತೇಳನೇ ಇಸವಿಯಲ್ಲಿ ನಯಾ ಪೈಸೆ ಬಂದವು. ಆಣೆಗೆ ಆರು ಪೈಸೆ, ನಾಲ್ಕಾಣೆಗೆ ಇಪ್ಪತ್ತೈದು ಎಂದು ಅಂಗಡಿಯವರು ಹೇಳಿದಾಗ ಎಲ್ಲರೂ ತಲೆ ಕೆರೆದುಕೊಂಡು ಸುಮ್ಮನಾದರು. ಮಾವಶಿ ಸುಮ್ಮನಾಗಲಿಲ್ಲ. ಕಟ್ಟೆಯ ಮೇಲೆ ಕಂಡಿಕೆಗಳನ್ನು ಜೋಡಿಸಿ ಎಣಿಸಿದರು.

“ಆಣೆ ಆಣೆ ಕೊಟ್ಟಾಕಿ ಇಪ್ಪತ್ತನಾಕು ಕೊಟ್ಟಳು. ಒಮ್ಮೆಲೆ ಕೊಟ್ಟಾಕಿ ಇಪ್ಪತ್ತೈದು. ನಡುವಿನ ಒಂದ ಪೈಸಾ ಯಾರ ಹೊಟ್ಟಿಗಿ ಹೋತು?”

“ಸರಕಾರದ ಹೊಟ್ಟಿಗಿ ಹೋತ್ರಿ ಮಾವಶಿ,” ಎಂದೆ ನಾನು.

“ಸರಕಾರದ್ದು ಸರಕಾರಕ್ಕಿರಲಿ. ನನ್ನ ಪೆಟ್ಟಿಗ್ಯಾಗ ಅದು ಉಳಿಬಾರದು,” ಎಂದವರೇ ನಡುವೆ ಉಳಿದ ಪೈಸೆಗಳನ್ನೆಲ್ಲ ಒಂದು ಕರಟದಲ್ಲಿ ಬೇರೆ ಇಡತೊಡಗಿದರು. ಯಾರದೆಂದು ತಿಳಿದ ದಿನ ಕೊಡುತ್ತೇನೆ ಅನ್ನುತ್ತಿದ್ದರು. ನಾವು ಅವರ ಬೆನ್ನ ಹಿಂದೆ ನಕ್ಕೆವು.

ಅದೇ ವರ್ಷ ಮಳೆಗಾಲಕ್ಕೆ ಜ್ವರ ಬಂತು. ಪರದೇಶದಿಂದ ಹಡಗಿನಲ್ಲಿ ಬಂದದ್ದಂತೆ, ಫ್ಲೂ ಅಂತೆ, ಲೋಕಕ್ಕೆಲ್ಲ ಬಂದಿದೆಯಂತೆ. ನಮಗೆ ಗೊತ್ತಾದದ್ದು ಮಗ್ಗದ ಸಪ್ಪಳ ನಿಂತಾಗ. ಇವತ್ತು ಎರಡು ಮನೆ, ನಾಳೆ ಐದು ಮನೆ ಎಂದು ನಿಲ್ಲುತ್ತ ನಿಲ್ಲುತ್ತ ಒಂದು ದಿನ ಗಲ್ಲಿಯಲ್ಲಿ ಮೆಲ್ಲಗೆ ಆಡಿದ ಮಾತೂ ಕೇಳಿಸತೊಡಗಿತು. ಮೈಕೈ ನೋವು, ಕಣ್ಣು ಕೆಂಪು, ಎದ್ದು ನಿಂತರೆ ತಲೆಸುತ್ತು. ಮಗ್ಗ ನಿಂತರೆ ಕಂಡಿಕೆ ಯಾರಿಗೆ ಬೇಕು? ಪಗಾರ ನಿಂತಿತು. ನನ್ನ ಗಂಡ ನೂಲಿನ ಅಂಗಡಿಯಲ್ಲಿ ತಿಂಗಳ ಸಂಬಳದ ಗುಮಾಸ್ತರು. ನಾವೂ ನಾಲ್ಕು ದಿನ ಮಲಗಿ, ಶುಂಠಿ ಕಷಾಯ ಕುಡಿದು ಎದ್ದೆವು. ಸಂಬಳಕ್ಕೆ ಕತ್ತರಿ ಬೀಳಲಿಲ್ಲ. ಭಿಶಿಯಲ್ಲಿ ಒಂದೂ ಕೆಂಪು ಗಂಟಿಲ್ಲದ ಎಳೆ ಎಂದರೆ ನನ್ನದು. ಅದರ ಹೆಮ್ಮೆ ನನಗೆ ಬಹಳವಿತ್ತು.

ಉಳಿದ ಎಳೆಗಳೆಲ್ಲ ಕೆಂಪಾಗುತ್ತ ಹೋದವು. ನನ್ನ ವಹಿಯಲ್ಲಿ ಸಾಲದ ಪುಟಗಳು ತುಂಬಿದವು. ಪೆಟ್ಟಿಗೆಯಲ್ಲಿ ಒಂದು ರೂಪಾಯಿಯೂ ಹೆಚ್ಚು ದಿನ ಕೂತಿರುತ್ತಿರಲಿಲ್ಲ. ಬಂದದ್ದು ಬಂದ ಹಾಗೆ ಔಷಧಕ್ಕೆ, ಹಿಟ್ಟಿಗೆ ಹೊರಟು ಹೋಗುತ್ತಿತ್ತು. ತಿಂಗಳು ತಪ್ಪಿದವರ ಹೆಸರ ಮುಂದೆ ನಾನು ಅರ್ಧ ಆಣೆ ಹೊಡೆದು ಒಂದಾಣೆ ಬರೆಯುತ್ತಿದ್ದೆ. ಮಾವಶಿಯಂತೂ ಬೆಳಗಿನಿಂದ ಒಂದು ಪಾತ್ರೆ ಕಷಾಯ, ಒಂದು ಪಾತ್ರೆ ಗಂಜಿ ಹಿಡಿದು ಮನೆಮನೆ ತಿರುಗುತ್ತಿದ್ದರು. ಯಾವ ಜಾತಿ, ಯಾವ ಮನೆ ಎಂದು ನೋಡಲಿಲ್ಲ. ಹಣೆ ಮುಟ್ಟಿ, ತುಟಿಗೆ ಗಂಜಿ ಹಿಡಿದು, ಬೈದು ಕುಡಿಸುತ್ತಿದ್ದರು. ಭಾನುವಾರ ಸಂಜೆ ಮಾತ್ರ ಬಂದು ಗೂಟದ ಕೆಳಗೆ ಕೂತರೆ ಅದೇ ನೇಮ, ಅದೇ ದಂಡ. ಬೆಳಗ್ಗೆ ಯಾರ ಬಾಯಿಗೆ ಗಂಜಿ ಹಾಕಿದ್ದರೋ ಅವಳದೇ ಎಳೆಗೆ ಸಂಜೆ ಕೆಂಪು ಗಂಟು ಹಾಕುತ್ತಿದ್ದರು.

ಹೌಸಾ ನಮ್ಮ ಗಲ್ಲಿಯ ಕೊನೆಯ ಮನೆಯವಳು. ಗಂಡ ಮಗ್ಗ ಓಡಿಸುತ್ತಿದ್ದ. ಎರಡು ಸಣ್ಣ ಮಕ್ಕಳು. ಅವಳಿಗೆ ಜ್ವರ ಬಂದು ಎರಡು ವಾರ ತಪ್ಪಿತು. ಅವಳು ಏಳುವ ಹೊತ್ತಿಗೆ ಗಂಡ ಮಲಗಿದ, ಮೂರನೆಯದೂ ತಪ್ಪಿತು. ನಾಲ್ಕನೆಯ ಭಾನುವಾರ ಜಿಟಿಜಿಟಿ ಮಳೆ. ಮೋಡದಲ್ಲಿ ಹೊತ್ತು ಎಲ್ಲಿದೆಯೆಂದು ತಿಳಿಯದೆ ಮಾವಶಿ ಕೊಂಚ ಬೇಗನೇ ತಾಟು ಹಾಕಿಕೊಂಡರು. ನಾನು ವಹಿ ಮುಚ್ಚಿ ಕಟ್ಟೆಯ ಮೇಲೆ ಕೂತಿದ್ದೆ. ತಲೆಯ ಮೇಲೆ ಗೋಣಿಚೀಲ ಹೊದ್ದು ಹೌಸಾ ಬಂದಳು.

“ಮಾವಶಿ, ಅಹೋ ಮಾವಶಿ!” ಎಂದು ಹೊಸ್ತಿಲ ಹೊರಗಿನಿಂದಲೇ ಕರೆದಳು. ಊಟ ಮಾಡುವಾಗ ಮಾವಶಿ ಮೌನ.

“ಊಟಕ್ಕ ಕೂತಾರ,” ಎಂದೆ ನಾನು.

“ಎಂಟಾಣೆ ತಂದೇನ್ರಿ ವೈನಿ. ಸಾಲಾ ಬೇಕಾಗಿತ್ತು, ಇಪ್ಪತ್ತ ರೂಪಾಯಿ. ಅವರಿಗೆ ಉಸರಾಡಾಕ ಬರವಲ್ದು. ಕೊಲ್ಲಾಪುರದ ದವಾಖಾನಿಗಿ ಒಯ್ಯಬೇಕು. ದೀಪ ಹಚ್ಚೂ ಹೊತ್ತಿಗೆ ಕಡೀ ಮೋಟಾರ ಹೊಂಡತೈತಿ.”

ಅವಳು ಗಟ್ಟಿಯಾಗಿಯೇ ಹೇಳಿದಳು. ಒಳಗೆ ಕೇಳಿಸದಿರಲು ಮಗ್ಗದ ಸಪ್ಪಳವೂ ಇರಲಿಲ್ಲ. ಒಂದು ಗಳಿಗೆ ಒಳಗೆ ರೊಟ್ಟಿ ಮುರಿಯುವ ಸದ್ದು ನಿಂತಿತು. ನಾನೂ ಕೇಳಿದೆ. ಆಮೇಲೆ ಮತ್ತೆ ಶುರುವಾಯಿತು.

“ತಾಟ ಇಟ್ಟ ಮ್ಯಾಲೆ ರೊಕ್ಕಾ ಮುಟ್ಟೂದಿಲ್ಲ ಅವರು, ನಿನಗೂ ಗೊತ್ತೈತಿ,” ಎಂದೆ. “ಇವತ್ತಿಗೆ ನಾಕ ವಾರ ಆತು. ಎಳಿ ಇದ್ರ ಸಾಲಾ. ಮುಂಜಾನೆ ಬಾ, ಏನರ ಮಾಡೋಣು.”

ಹೌಸಾ ನನ್ನನ್ನೂ ಒಳಬಾಗಿಲನ್ನೂ ಒಂದು ಸಲ ನೋಡಿದಳು. ಮುಷ್ಟಿಯಲ್ಲಿದ್ದ ಎಂಟಾಣೆಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಜಗಳ ಕೂಡ ಆಡಲಿಲ್ಲ.

ಮರುದಿನ ಇನ್ನೂ ಮಸುಕು ಇರುವಾಗಲೇ ಮಾವಶಿ ಸ್ನಾನವಿಲ್ಲದೆ, ಬಸದಿಗೂ ಹೋಗದೆ, ಇಪ್ಪತ್ತು ರೂಪಾಯಿ ಕೈಯಲ್ಲಿ ಹಿಡಿದುಕೊಂಡು ಹೋದರು. ಹೌಸಾಳ ಬಾಗಿಲ ಮುಂದೆ ಆಗಲೇ ಜನ ಕೂತಿದ್ದರು. ಕೊಲ್ಲಾಪುರಕ್ಕೆ ಒಯ್ದಿದ್ದರೂ ಉಳಿಯುತ್ತಿದ್ದನೋ ಇಲ್ಲವೋ. ಜ್ವರ ಎದೆಗೆ ಇಳಿದಿತ್ತು, ಹೋಗುವವನೇ ಇದ್ದ ಎಂದು ಡಾಕ್ಟರರು ಆಮೇಲೆ ಹೇಳಿದರಂತೆ. ಆ ಮಾತನ್ನು ನಾನು ಎಷ್ಟು ವರ್ಷ ಹಿಡಿದುಕೊಂಡಿದ್ದೇನೋ. ಒಯ್ದಿದ್ದರೆ ತಾನೇ ಗೊತ್ತಾಗುವುದು?

ಆ ವಾರ ಮಾವಶಿ ಹೌಸಾಳ ಎಳೆ ಕತ್ತರಿಸಲಿಲ್ಲ. ಕೆಂಪು ಗಂಟೂ ಹಾಕಲಿಲ್ಲ. ಗೂಟಕ್ಕೆ ಹಾಗೇ ಬಿಟ್ಟರು. ಮುಂದಿನ ವಾರ ನಾಲ್ಕೈದು ಜನ, “ಮಾವಶಿ, ನೇಮಾ ಎಲ್ಲಾರಿಗೂ ಒಂದರಿ,” ಎಂದು ನೆನಪಿಸಿದ ಮೇಲೆ ಕತ್ತರಿ ತಂದು ಕತ್ತರಿಸಿದರು. ಅದಕ್ಕೂ ಮೊದಲು ಎರಡು ಸಲ ತಪ್ಪಿ ಬೇರೆಯವರ ಎಳೆ ಹಿಡಿದಿದ್ದರು. ಜ್ವರ ಅವರಿಗೂ ಬಂತೇನೋ ಎಂದುಕೊಂಡೆವು.

ಜ್ವರ ಹೇಗೆ ಬಂತೋ ಹಾಗೇ ಹೋಯಿತು. ಮಗ್ಗ ಶುರುವಾದವು, ಸಾಲಗಳು ಬಡ್ಡಿ ಸಮೇತ ತಿರುಗಿ ಬಂದವು. ದೀಪಾವಳಿಯ ಹಿಂದಿನ ಭಾನುವಾರ ಪೆಟ್ಟಿಗೆ ಒಡೆದು, ನಾನು ಮೂರು ಸಲ ಕೂಡಿ ಕಳೆದು ಲೆಕ್ಕ ಹೇಳಿದೆ: ಇಪ್ಪತ್ತಾರಕ್ಕೆ ಮೂವತ್ತೆರಡೂವರೆ. ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಭಿಶಿ ಶುರುವಾದಾಗಿನಿಂದ ಅಷ್ಟು ಬಂದದ್ದಿಲ್ಲ. “ಏನರ ಅನ್ರಿ, ಈ ವರ್ಷ ಭಿಶಿ ಚಲೋ ಕೈ ಹಿಡೀತು,” ಎಂದಳು ಒಬ್ಬಳು. ಊರೆಲ್ಲ ಮಲಗಿದ ವರ್ಷ ನಮ್ಮ ಹಣ ಮಾತ್ರ ಎದ್ದು ಕುಣಿದಿತ್ತು.

ಮಾವಶಿ ನಗಲಿಲ್ಲ. “ಈ ಆರೂವರಿ ಎಲ್ಲಿಂದ ಬಂತು? ಓದ ತಂಗಿ, ಎಲ್ಲಾರಿಗೂ ಕೇಳಲಿ,” ಎಂದರು.

ಓದಿದೆ. ಯಾರ ದಂಡ ಎಷ್ಟು, ಯಾರ ಬಡ್ಡಿ ಅರ್ಧ ಆಣೆಯಿಂದ ಒಂದಾಣೆಗೆ ಏರಿದ್ದು ಯಾವಾಗ. ಒಂದೊಂದು ಹೆಸರು ಬಂದ ಹಾಗೆ ಆ ಮನೆಯಲ್ಲಿ ಯಾರು ಮಲಗಿದ್ದರೆಂಬುದು ಎಲ್ಲರಿಗೂ ನೆನಪಿಗೆ ಬರುತ್ತಿತ್ತು. ಕೊನೆಗೆ ಹೌಸಾಳದು. ಹದಿನಾರು ರೂಪಾಯಿ ಹಾಕಿದ್ದಳು. ಅವಳಿಗೆ ಎಂಟು, ಭಿಶಿಗೆ ಎಂಟು. ಉಳಿದವರು ಮೂವತ್ತೆರಡು ಜನ. ಅಂದರೆ ಒಬ್ಬೊಬ್ಬರ ಪಾಲಿನಲ್ಲಿ ಹೌಸಾಳ ನಾಲ್ಕಾಣೆ ಇತ್ತು. ಅದನ್ನು ಮಾತ್ರ ನಾನು ಬಾಯಿಬಿಟ್ಟು ಹೇಳಲಿಲ್ಲ.

“ಇದು ಜ್ವರದ ರೊಕ್ಕ,” ಎಂದರು ಮಾವಶಿ. “ನಾನs ನೇಮಾ ಮಾಡೀನಿ, ನಾನs ಹೇಳಾಕತ್ತೇನಿ. ಹಾಕಿದ್ದಷ್ಟು ತಗೋರಿ. ಮ್ಯಾಲಿಂದು ಯಾರ ಕಡಿಂದ ಬಂತೋ ಅವರಿಗೆ ತಿರುಗಿ ಹೋಗಲಿ.”

ತಿರುಗಿ ಬರುವವರೇ ಒಪ್ಪಲಿಲ್ಲ. ಎಲ್ಲರಿಗಿಂತ ಹೆಚ್ಚು ದಂಡ ಕೊಟ್ಟ ಮೂಲೆಮನೆಯಾಕೆ ಎದ್ದು ನಿಂತು, “ಹೋದ ವರ್ಷ ಬ್ಯಾರೇದವರ ದಂಡದ ನಫಾ ನಾ ತಗೊಂಡೇನಿ. ಈ ವರ್ಷ ನನ್ನ ದಂಡಾ ಅವರು ತಗೋತಾರ. ಹಂಗ ಇರೂದs ಭಿಶಿ. ನನಗೇನ ಭಿಕ್ಷಾ ಬ್ಯಾಡ್ರಿ,” ಎಂದಳು. ನಾಲ್ಕು ಜನ ಹೌದು ಹೌದು ಎಂದರು. ಮಾವಶಿ ನನ್ನ ಕಡೆ ತಿರುಗಿದರು.

“ವಹಿ ಬರದಾಕಿ ನೀನು. ನೀ ಏನಂತಿ?”

ಎಲ್ಲರೂ ನನ್ನನ್ನೇ ನೋಡಿದರು. ನಾನು ಹೂಂ ಅಂದಿದ್ದರೆ ಆಗುತ್ತಿತ್ತು. ದಂಡವನ್ನೇ ಕೊಡದವಳು ಲಾಭ ಬೇಡ ಎಂದಿದ್ದರೆ ಉಳಿದವರ ಬಾಯಿ ಕಟ್ಟುತ್ತಿತ್ತು. ಆದರೆ ಲಾಭ ಹಿಂದಕ್ಕೆ ಕೊಡುವುದೆಂದರೆ ನೇಮವೇ ತಪ್ಪು ಎಂದಂತೆ. ನೇಮ ತಪ್ಪಾದರೆ ಆ ಮಳೆಯ ಸಂಜೆ ಕಟ್ಟೆಯ ಮೇಲೆ ಕೂತು ನಾನಾಡಿದ ಮಾತೂ ತಪ್ಪು.

“ನೇಮದಂಗ ಆಗಲಿ ಬಿಡ್ರಿ ಮಾವಶಿ,” ಎಂದೆ.

ಅವರು ತಲೆಯಾಡಿಸಿ ಹಂಚತೊಡಗಿದರು, ಒಂದು ಪೈಸೆ ಆಚೀಚೆ ಆಗದ ಹಾಗೆ. ಎಲ್ಲರೂ ಹೋದ ಮೇಲೆ ತಮ್ಮ ಪಾಲಿನ ಮೂವತ್ತೆರಡೂವರೆಯನ್ನೂ ಹೌಸಾಳ ಎಂಟನ್ನೂ ಒಂದೇ ಗಂಟು ಕಟ್ಟಿ, ವಹಿ ಹಿಡಿದ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಹೌಸಾ ಗಂಟು ಬಿಚ್ಚಿ ಎಣಿಸಿದಳು. ಬೇಡ ಎನ್ನಲಿಲ್ಲ, ಕಣ್ಣಲ್ಲಿ ನೀರೂ ತರಲಿಲ್ಲ.

“ಕೊಡ್ರಿ. ಹುಡುಗ್ರು ಅದಾವು,” ಎಂದಳು. ಆಮೇಲೆ, “ಅವತ್ತ ನನ್ನ ಎಂಟಾಣೆ ತಗೊಂಡಿದ್ರ ಸಾಕಾಗಿತ್ತು ಮಾವಶಿ,” ಎಂದಳು. ನನ್ನ ಕಡೆ ನೋಡಲೂ ಇಲ್ಲ.

ನನ್ನ ಆರೂವರೆಯಲ್ಲಿ ಕೊಲ್ಲಾಪುರಕ್ಕೆ ಹೋಗಿ ಮನೆಯವರಿಗೆ ಒಂದು ಜೊತೆ ಚಪ್ಪಲಿ ತಂದೆ. ಹೊಸ ಚಪ್ಪಲಿ, ನಡೆದರೆ ಕರಕರ ಎನ್ನುತ್ತಿತ್ತು. ಅವರು ಅಂಗಡಿಗೆ ಹೋಗುವ ದಾರಿ ಹೌಸಾಳ ಮನೆಯ ಮುಂದಿನಿಂದಲೇ. ಎಣ್ಣೆ ಹಚ್ಚಿಕೊಳ್ಳಿರಿ, ಸಪ್ಪಳ ಹೋಗಲಿ ಎಂದು ನಾನು ದಿನಾ ಕಾಡುತ್ತಿದ್ದೆ. ಚಪ್ಪಲಿ ಎಂದರೆ ಕರಕರ ಎನ್ನಬೇಕು, ಅದಕ್ಕೇ ರೊಕ್ಕ ಕೊಟ್ಟದ್ದು ಎಂದು ಅವರು ನಗುತ್ತಿದ್ದರು.

ಹೊಸ ವರ್ಷದ ಭಿಶಿಗೆ ಮಾವಶಿ ಹೊಸ ಎಳೆ ಕಟ್ಟಿದರು. ದಂಡ ತೆಗೆದುಹಾಕಿದರು, ಎಳೆ ಕತ್ತರಿಸುವುದನ್ನೂ ಬಿಟ್ಟರು. ಅದಕ್ಕಿಂತ ದೊಡ್ಡ ಬದಲು ಎಂದರೆ, ಅವರು ಒಂದೇ ಹೊತ್ತಿನ ಊಟದ ವ್ರತ ಹಿಡಿದರು. ಮಧ್ಯಾಹ್ನ ಒಮ್ಮೆ ಉಂಡರೆ ಮುಗಿಯಿತು. ಸಂಜೆ ತಾಟಿನ ಸಪ್ಪಳವೇ ಇಲ್ಲ. ಪೆಟ್ಟಿಗೆ ತೆರೆದಿಟ್ಟುಕೊಂಡು, ಕತ್ತಲಾಗಿ ಎದುರಿನವರ ಮುಖ ಕಾಣದಾಗುವವರೆಗೆ ಹೊಸ್ತಿಲ ಮೇಲೆ ಕೂತಿರುತ್ತಿದ್ದರು. ಬಸದಿಯಲ್ಲಿ ಅವರ ವ್ರತದ ಮಾತು ಹಬ್ಬಿತು. ಹಾತಕಣಂಗಲೆಯಿಂದ ನೆಂಟರು ಬಂದು ಕಾಲು ಮುಟ್ಟಿ ಹೋದರು. ಮಾವಶಿ ಮುಖ ಗಂಟಿಕ್ಕಿ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ದಂಡವಿಲ್ಲದ ಭಿಶಿಯಲ್ಲಿ ಲಾಭವೆಲ್ಲಿಂದ ಬರಬೇಕು? ಆ ದೀಪಾವಳಿಗೆ ಇಪ್ಪತ್ತಾರಕ್ಕೆ ಇಪ್ಪತ್ತಾರೂ ಮುಕ್ಕಾಲು. ಹೆಂಗಸರು ಗೊಣಗಿದರು. ಪಕ್ಕದ ಗಲ್ಲಿಯಲ್ಲಿ ಮೂಲೆಮನೆಯಾಕೆಯೇ ಹೊಸ ಭಿಶಿ ಶುರುಮಾಡಿದಳು, ಮಾವಶಿಯ ಹಳೆಯ ನೇಮಗಳನ್ನೆಲ್ಲ ಚಾಚೂ ತಪ್ಪದೆ ಇಟ್ಟುಕೊಂಡು. ಅಲ್ಲಿ ಒಳ್ಳೆಯ ಲಾಭ ಬರುತ್ತಿತ್ತು. ಒಬ್ಬೊಬ್ಬರಾಗಿ ಅತ್ತ ಹೋದರು. ಹೌಸಾ ಕೂಡ ಹೋದಳು. ಅವಳಿಗೆ ಮಗಳ ಮದುವೆಗೆ ಕೂಡಿಡಬೇಕಿತ್ತು. ನಾನು ನಾಲ್ಕು ವರ್ಷ ಇದ್ದು, ಆಮೇಲೆ ನಮ್ಮವರು ಗಡಹಿಂಗ್ಲಜದಲ್ಲಿ ಸ್ವಂತ ಅಂಗಡಿ ಹಾಕಿದ್ದರಿಂದ ಊರು ಬಿಟ್ಟೆ. ನಿಷ್ಠೆಯಿಂದ ಉಳಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ವಹಿಯ ಗತ್ತು ಬಿಡಲು ಮನಸ್ಸಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮದುವೆಗೆಂದು ಇಚಲಕರಂಜಿಗೆ ಹೋದವಳು ಭಾನುವಾರ ಸಂಜೆ ಅವರನ್ನು ನೋಡಲು ಹೋದೆ. ಗೂಟದಲ್ಲಿ ಏಳೆಂಟು ಎಳೆ ಉಳಿದಿದ್ದವು. ಮಾವಶಿ ತೀರ ಬತ್ತಿಹೋಗಿದ್ದರು. ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದರು. ಹೊತ್ತು ಮುಳುಗಿತು, ಯಾರೂ ಬರಲಿಲ್ಲ. ನಾನು ಏನೋ ಮಾತಿಗೆ ಎಂದು, “ನಿಮ್ಮ ವ್ರತಾ ಭಾಳ ದೊಡ್ಡದ್ರಿ ಮಾವಶಿ. ಊರ ತುಂಬ ಅದನ್ನs ಆಡತಾರ,” ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. ಬೆರಳು ತಣ್ಣಗಿದ್ದವು.

“ಊರಿಗೇನ ಗೊತ್ತು? ಅವತ್ತ ಹೌಸಾ ಕರದಿದ್ದು ನನಗ ಕೇಳಿಸಿತ್ತು ತಂಗಿ, ಒಂದೊಂದ ಮಾತೂ ಕೇಳಿಸಿತ್ತು. ಎದ್ದ ಬರಬೌದಿತ್ತು ನಾನು. ಧರ್ಮಾ ಏನೂ ಅಡ್ಡ ಬರತಿದ್ದಿಲ್ಲ. ನಡುವ ಎದ್ದರ ಆ ರಾತ್ರಿ ಉಪವಾಸ, ಅಷ್ಟs. ಆದ್ರ ಮುಂಜಾನಿಂದ ಗಂಜಿ ಹಿಡಕೊಂಡ ತಿರಗಿದ್ದೆ, ಬಾಯಾಗ ಏನೂ ಹಾಕ್ಕೊಂಡಿದ್ದಿಲ್ಲ. ಹಸಿವಿ ಆಗಿತ್ತು ನನಗ.”

ಇಷ್ಟು ಹೇಳಿ ಕೈ ಬಿಟ್ಟು ಪೆಟ್ಟಿಗೆ ಮುಚ್ಚಿದರು. ನನ್ನನ್ನು ಅವರು ಏನೂ ಕೇಳಲಿಲ್ಲ. ಕೇಳಬಹುದಿತ್ತು. ಆ ಸಂಜೆ ಕಟ್ಟೆಯ ಮೇಲೆ ಕೂತವಳು ನಾನು. ನಮ್ಮ ಮನೆಯ ಅಕ್ಕಿಡಬ್ಬಿಯಲ್ಲಿ ಆ ತಿಂಗಳ ಸಂಬಳ ಇತ್ತು, ಮನೆ ಹತ್ತು ಹೆಜ್ಜೆ ದೂರ. ನನ್ನದು ಊಟವೂ ಆಗಿತ್ತು.